ಕಡಲ ತೀರದ ಕಾಟೇಜಿನಿಂದ ತಿಂಗಳಿಗೆ 30 ಸಾವಿರ ಬಾಡಿಗೆ ನಿಜವಾಗಿಯೂ ಬರುತ್ತದೆಯೇ?

“ಗೋಕರ್ಣದ ಹತ್ತಿರ ಸೀ ವ್ಯೂ ಕಾಟೇಜು. 40 ಲಕ್ಷ ಹಾಕಿ, ತಿಂಗಳಿಗೆ 30 ಸಾವಿರ ಖಚಿತ ಬಾಡಿಗೆ ಪಡೆಯಿರಿ. ಇನ್ನೈದು ವರ್ಷಕ್ಕೆ ಇದೇ ಗೋವಾ!” ಈ ಧಾಟಿಯ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನವರಿಗೆ ಕಡಲು ದೂರದ್ದೇನಲ್ಲ. ಶಿಗ್ಗಾವಿ ತಾಲ್ಲೂಕಿನ ತಡಸದಲ್ಲಿ ಹೆದ್ದಾರಿ ಬಿಟ್ಟು ಮುಂಡಗೋಡ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟಾ. ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟಕ್ಕೆ ಮೀನು ತಿನ್ನಬಹುದು. ಹಾಗಾಗಿ ಈ ಹೂಡಿಕೆ ಕಣ್ಣಳತೆಯಲ್ಲೇ ಇದೆ ಎನ್ನಿಸುತ್ತದೆ.

ನಮ್ಮ ಭಾಗದಲ್ಲಿ ಇಂಥ ದೊಡ್ಡ ಮೊತ್ತ ಕೈಗೆ ಬರುವುದು ಸಾಮಾನ್ಯವಾಗಿ ಎರಡೇ ಸಂದರ್ಭದಲ್ಲಿ: ಹೊಲ ಮಾರಿದಾಗ ಅಥವಾ ನೌಕರಿಯಿಂದ ನಿವೃತ್ತಿಯಾದಾಗ. ಎರಡೂ ಮತ್ತೆ ಬರುವ ದುಡ್ಡಲ್ಲ. ಆದ್ದರಿಂದ ಜಾಹೀರಾತಿನ ಪ್ರತಿ ಮಾತನ್ನೂ ಬಿಡಿಸಿ ನೋಡೋಣ.

ಮೊದಲು ಲೆಕ್ಕ

ಕೆಳಗಿನ ಅಂಕಿಗಳು ನಾವು ಊಹಿಸಿಕೊಂಡವು. ನಿಮ್ಮ ಅಂಕಿ ಹಾಕಿ ನೀವೇ ತಿದ್ದಿಕೊಳ್ಳಿ. 40 ಲಕ್ಷದ ಕಾಟೇಜಿಗೆ ಮುದ್ರಾಂಕ, ಸೆಸ್, ನೋಂದಣಿ ಸೇರಿ ಸುಮಾರು 3 ಲಕ್ಷ. (2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕವೇ ಶೇ. 1ರಿಂದ 2ಕ್ಕೆ ಏರಿದೆ.) ಅಲ್ಲಿಗೆ 43 ಲಕ್ಷ ಹೋಯಿತು. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ನಾಲ್ಕು ತಿಂಗಳು ಸಮುದ್ರಕ್ಕೆ ಇಳಿಯುವಂತಿಲ್ಲ, ಪ್ರವಾಸಿಗರೂ ವಿರಳ. ಉಳಿದ ಕಾಲದ ವಾರಾಂತ್ಯ ಮತ್ತು ದಸರಾ, ಕ್ರಿಸ್‌ಮಸ್ ರಜೆಗಳೆಲ್ಲ ಸೇರಿ 90 ರಾತ್ರಿ ಭರ್ತಿಯಾಯಿತು ಎನ್ನೋಣ. ರಾತ್ರಿಗೆ 3,500 ರೂಪಾಯಿಯಂತೆ 3,15,000.

ಇದರಲ್ಲಿ ಬುಕಿಂಗ್ ಆ್ಯಪಿನ ಕಮಿಷನ್ ಶೇ. 15 ಎಂದರೆ 47 ಸಾವಿರ. ಕಾವಲುಗಾರನಿಗೆ ತಿಂಗಳಿಗೆ 10 ಸಾವಿರದಂತೆ 1,20,000. ಮಳೆಗಾಲದಲ್ಲಿ ಅತಿಥಿಗಳಿಲ್ಲದಿದ್ದರೂ ಅವನ ಸಂಬಳ ನಿಲ್ಲುವುದಿಲ್ಲ. ಕರೆಂಟು, ನೀರು, ಬಟ್ಟೆ ಒಗೆತಕ್ಕೆ 40 ಸಾವಿರ. ಬಣ್ಣ, ರಿಪೇರಿಗೆ ಇನ್ನೊಂದು 40 ಸಾವಿರ. ಕೈಯಲ್ಲಿ ಉಳಿಯುವುದು 68 ಸಾವಿರ. 43 ಲಕ್ಷಕ್ಕೆ ಹೋಲಿಸಿದರೆ ಶೇ. 1.6. ಅದೇ ಹಣ ಶೇ. 6.5ರ ಬ್ಯಾಂಕ್ ಠೇವಣಿಯಲ್ಲಿದ್ದರೆ ವರ್ಷಕ್ಕೆ ಸುಮಾರು 2.8 ಲಕ್ಷ. ಬಾಡಿಗೆಯ ಲೆಕ್ಕ ಸೋತರೂ ಜಾಗದ ಬೆಲೆ ಏರುತ್ತದಲ್ಲ ಎಂಬುದು ಮಾರುವವರ ಮುಂದಿನ ಮಾತು. ಏರಬಹುದು. ಆದರೆ ಆಗ ಅದು ಆದಾಯವಲ್ಲ, ಒಂದು ನಿರೀಕ್ಷೆ ಅಷ್ಟೇ. ಮತ್ತು ಅದು ನಿಂತಿರುವುದು ಕಾಗದಪತ್ರಗಳ ಮೇಲೆ.

ರಿಪೇರಿ ಖರ್ಚು ಜಾಸ್ತಿ ಹಿಡಿದಿರಾ ಎಂದು ಕೇಳಬೇಡಿ, ಕಡಿಮೆಯೇ ಹಿಡಿದಿದ್ದೇವೆ. ಸಮುದ್ರದ ಗಾಳಿಯಲ್ಲಿ ಉಪ್ಪಿನ ಸೂಕ್ಷ್ಮ ಕಣಗಳಿರುತ್ತವೆ. ಕಾಂಕ್ರೀಟಿನ ಒಳಗಿನ ಕಬ್ಬಿಣಕ್ಕೆ ಸಹಜವಾಗಿ ಒಂದು ರಕ್ಷಣಾ ಪೊರೆ ಇರುತ್ತದೆ. ಉಪ್ಪಿನ ಕ್ಲೋರೈಡ್ ಒಳನುಸುಳಿ ಆ ಪೊರೆಯನ್ನು ಒಡೆಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ, ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಅದಕ್ಕೇ ಭಾರತೀಯ ಮಾನಕ ಐಎಸ್ 456 ಕರಾವಳಿ ಗಾಳಿಗೆ ಒಡ್ಡಿಕೊಂಡ ಕಟ್ಟಡಕ್ಕೆ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟು ಕೇಳುತ್ತದೆ. ಸೌಮ್ಯ ಪರಿಸರದ ಮನೆಗೆ ಎಂ20 ಸಾಕು. ಸವಣೂರಿನಲ್ಲಿ ಮನೆ ಕಟ್ಟಿಸಿದ ಅನುಭವದ ಮೇಲೆ ಕಾಟೇಜಿನ ಬಾಳಿಕೆ ಅಂದಾಜಿಸಿದರೆ ತಪ್ಪುತ್ತದೆ.

“ಕೃಷಿ ಜಮೀನು ಈಗ ಯಾರು ಬೇಕಾದರೂ ಕೊಳ್ಳಬಹುದು”

ಇದು ನಿಜ. 2020ರ ಭೂಸುಧಾರಣಾ ತಿದ್ದುಪಡಿ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದೆ. ಆದರೆ ಕೊಳ್ಳುವ ಹಕ್ಕು ಬೇರೆ, ಕಟ್ಟುವ ಹಕ್ಕು ಬೇರೆ. ಕಟ್ಟಲು ಭೂಪರಿವರ್ತನೆ ಬೇಕು. ಜೊತೆಗೆ ಸಮುದ್ರದ ಬದಿಯಲ್ಲಿ ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್ ನಿಯಮವಿದೆ. ಅದು ಭರತದ ಗಡಿರೇಖೆಯಿಂದ 500 ಮೀಟರ್ ಒಳಗಿನವರೆಗೆ ಅನ್ವಯಿಸುತ್ತದೆ. 2019ರ ಅಧಿಸೂಚನೆಯಂತೆ ಗ್ರಾಮೀಣ ತೀರದಲ್ಲಿ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನಸಾಂದ್ರತೆಯಿದ್ದರೆ ಮೊದಲ 50 ಮೀಟರ್, ಇಲ್ಲದಿದ್ದರೆ 200 ಮೀಟರ್ ಅಭಿವೃದ್ಧಿ ನಿಷಿದ್ಧ ವಲಯ. ಈ ರೇಖೆ ನೀವು ಹೋದ ದಿನ ಅಲೆ ಬಂದು ನಿಂತ ಜಾಗವಲ್ಲ. ಸರ್ಕಾರಿ ನಕ್ಷೆಯಲ್ಲಿ ಗುರುತಾದದ್ದು. ಅಘನಾಶಿನಿ, ಶರಾವತಿಯ ಹಿನ್ನೀರು ನೋಟದ ನಿವೇಶನಗಳೂ ಉಬ್ಬರವಿಳಿತ ತಲುಪುವಲ್ಲಿ ಇದೇ ನಿಯಮದೊಳಗೆ ಬರುತ್ತವೆ. ಅಘನಾಶಿನಿ ಅಳಿವೆಯಂತೂ 2024ರಿಂದ ರಾಮ್ಸಾರ್ ಪಟ್ಟಿಯಲ್ಲಿದೆ.

ಅಂದರೆ “ಸಮುದ್ರಕ್ಕೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು” ಎಂಬ ಮಾತು ಕಾನೂನಿನ ಕಣ್ಣಲ್ಲಿ ತಿರುವುಮುರುವು. ಕೊಚ್ಚಿಯ ಮರಡುವಿನಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಸ್ಥಳೀಯ ಸಂಸ್ಥೆಯ ಪರವಾನಗಿ ಪಡೆದೇ ಕಟ್ಟಿದ ನಾಲ್ಕು ಅಪಾರ್ಟ್‌ಮೆಂಟ್ ಸಮುಚ್ಚಯಗಳನ್ನು ಸಿಆರ್‌ಝಡ್ ಉಲ್ಲಂಘನೆಗಾಗಿ ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಸ್ಫೋಟಿಸಿ ಕೆಡವಲಾಯಿತು. ಸಾಲ ಮಾಡಿ, ನೋಂದಣಿ ಮಾಡಿಸಿ, ತೆರಿಗೆ ಕಟ್ಟುತ್ತಿದ್ದ ಮನೆಗಳವು. ಪಂಚಾಯಿತಿ ಎನ್‌ಒಸಿ ಇದೆ ಎಂದು ಏಜೆಂಟ್ ಹೇಳಿದರೆ ಸಾಲದು ಎನ್ನುವುದು ಇದಕ್ಕೇ.

ಉತ್ತರ ಕನ್ನಡಕ್ಕೆ ಇನ್ನೊಂದು ತೊಡಕಿದೆ. ಜಿಲ್ಲೆಯ ಸುಮಾರು ಶೇ. 80 ಭಾಗ ಅರಣ್ಯ. ಅತಿಕ್ರಮಣ ಸಾಗುವಳಿ, ಬೆಟ್ಟ ಭೂಮಿ ಇಲ್ಲಿ ಸಾಮಾನ್ಯ. ಅರಣ್ಯ ಹಕ್ಕು ಕಾಯ್ದೆಯಡಿ ಸಿಕ್ಕ ಹಕ್ಕುಪತ್ರದ ಜಮೀನು ಮಕ್ಕಳಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಆ ಖರೀದಿ ಅಸಿಂಧು. ಅಗ್ಗದ ನಿವೇಶನ ಕಂಡಾಗ ಅದು ಅಗ್ಗವೇಕೆ ಎಂದು ಹಳೆಯ ಪಹಣಿಗಳಲ್ಲಿ ಹುಡುಕಿ, ಏಜೆಂಟರ ಮಾತಿನಲ್ಲಲ್ಲ. ಪಹಣಿ ಓದುವುದು ರೈತ ಕುಟುಂಬಗಳಿಗೆ ಹೇಗೂ ಹೊಸದಲ್ಲ.

ಖಚಿತ ಬಾಡಿಗೆ ಕೊಡುವವರು ಯಾರು?

ಕಂಪನಿಯೇ ಕೊಡುತ್ತದೆ ಎನ್ನುತ್ತಾರೆ. ಕಾಟೇಜು ಭರ್ತಿಯಾಗದ ತಿಂಗಳು ಆ ಹಣ ಎಲ್ಲಿಂದ ಬರುತ್ತದೆ? ಎಷ್ಟೋ ಸಲ ನಿಮ್ಮದೇ ಬೆಲೆಯಲ್ಲಿ ಮೊದಲೇ ಸೇರಿಸಿಟ್ಟ ದುಡ್ಡು ಅದು. ಇಲ್ಲವೇ ನಂತರ ಬಂದವರ ದುಡ್ಡು. ಹಲವರ ಹಣ ಒಟ್ಟುಗೂಡಿಸಿ, ನಿರ್ವಹಣೆ ತಾನೇ ಇಟ್ಟುಕೊಂಡು ಲಾಭ ಹಂಚುವ ಯೋಜನೆ ಸಾಮೂಹಿಕ ಹೂಡಿಕೆ ಎನಿಸಬಹುದು. ಅದಕ್ಕೆ ಸೆಬಿ ನೋಂದಣಿ ಬೇಕು. ಜಮೀನಿನ ಹೆಸರಲ್ಲಿ ಐದೂವರೆ ಕೋಟಿಗೂ ಹೆಚ್ಚು ಜನರಿಂದ ಸುಮಾರು 49,100 ಕೋಟಿ ಸಂಗ್ರಹಿಸಿದ್ದ ಪಿಎಸಿಎಲ್‌ಗೆ ಹಣ ಮರಳಿಸುವಂತೆ ಸೆಬಿ 2014ರಲ್ಲಿ ಆದೇಶಿಸಿತು. ನಂತರದ ಮರುಪಾವತಿ ವರ್ಷಗಟ್ಟಲೆ ಎಳೆಯಿತು.

“ಹೋಂಸ್ಟೇ” ಎಂಬ ಪದವನ್ನೂ ಗಮನಿಸಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಮಾನ್ಯತೆಗೆ ಮಾಲೀಕರ ಕುಟುಂಬ ಅಲ್ಲೇ ವಾಸವಿರಬೇಕು. ಹಿರೇಕೆರೂರಿನಲ್ಲಿ ಕೂತು ಕುಮಟಾದಲ್ಲಿ ನಡೆಸುವುದು ಆ ಅರ್ಥದ ಹೋಂಸ್ಟೇ ಅಲ್ಲ.

ಹಾಗಾದರೆ ಕೊಳ್ಳಲೇಬಾರದೇ? ಮೇಲಿನ ಲೆಕ್ಕ ಗೊತ್ತಿದ್ದೂ ಸ್ವಂತ ಬಳಕೆಗೆ, ಕಳೆದುಕೊಂಡರೂ ಸಂಸಾರ ಅಲುಗಾಡದ ಹಣದಲ್ಲಿ ಕೊಳ್ಳುವವರ ಬಗ್ಗೆ ನಮ್ಮ ತಕರಾರಿಲ್ಲ. ಜಾಗ 500 ಚದರ ಮೀಟರ್ ಮೀರಿದ ಅಥವಾ ಎಂಟಕ್ಕಿಂತ ಹೆಚ್ಚು ಘಟಕಗಳ ಯೋಜನೆಯಾದರೆ ರೇರಾ ಸಂಖ್ಯೆ ಕೇಳಿ, ವೆಬ್‌ಸೈಟಿನಲ್ಲಿ ತಾಳೆ ನೋಡಿ. ನೋಂದಾಯಿತ ಕರಾರಿಗೆ ಮೊದಲು ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಸರ್ವೆ ನಂಬರಿನ ಸಿಆರ್‌ಝಡ್ ಸ್ಥಿತಿಯನ್ನು ಕಾರವಾರದ ಸಂಬಂಧಪಟ್ಟ ಕಚೇರಿಯಿಂದ ಲಿಖಿತವಾಗಿ ಪಡೆಯಿರಿ.

ಏಜೆಂಟರು ಜಾಗ ತೋರಿಸಲು ಡಿಸೆಂಬರಿನ ಶನಿವಾರ ಕರೆಯುತ್ತಾರೆ. ನೀವು ಜುಲೈ ತಿಂಗಳ ಮಂಗಳವಾರ ಹೋಗಿ, ಪಕ್ಕದ ಕಾಟೇಜಿನ ಕಾವಲುಗಾರನ ಹತ್ತಿರ ಚಹಾ ಕುಡಿಯುತ್ತಾ ಈ ವಾರ ಎಷ್ಟು ಕೋಣೆ ತುಂಬಿವೆ ಎಂದು ಕೇಳಿ.