ಪೊಟ್ಟಣದೊಳಗಿನ ಸಕ್ಕರೆ: ಎಚ್ಚರಿಕೆ ಕನ್ನಡದಲ್ಲೂ ಬರಲಿ

ಕಾಫಿಗೆ ಸಕ್ಕರೆ ಬೇಡ ಎನ್ನುವವರೇ ಅದರಲ್ಲಿ ಎರಡು ರಸ್ಕ್ ಅದ್ದಿ ತಿನ್ನುತ್ತಾರೆ. ಮಕ್ಕಳಿಗೆ ಚಾಕೊಲೇಟ್ ಕೊಡಿಸದ ಮನೆಗಳಲ್ಲೂ ಹಾಲಿಗೆ ಮಾಲ್ಟ್ ಪುಡಿ, ಚಪಾತಿಗೆ ಕೆಚಪ್, ಸಂಜೆಗೆ ರಾಗಿ ಬಿಸ್ಕತ್ತು ತಪ್ಪುವುದಿಲ್ಲ. ಅಡುಗೆಮನೆಯ ಡಬ್ಬಿಯಲ್ಲಿರುವ ಸಕ್ಕರೆಯನ್ನು ಅಳೆದು ಬಳಸುವ ನಾವು, ಅಂಗಡಿಯ ಪೊಟ್ಟಣದೊಳಗೆ ಬರುವ ಸಕ್ಕರೆಯನ್ನು ಲೆಕ್ಕಕ್ಕೇ ಹಿಡಿಯುತ್ತಿಲ್ಲ.

ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ. ಎಚ್ಚರಿಕೆಯ ಗಂಟೆ ಇರುವುದು ಈ ಎರಡನೆಯ ಸಂಖ್ಯೆಯಲ್ಲಿ. ಕಾಯಿಲೆಗೆ ಸಕ್ಕರೆಯೊಂದೇ ಕಾರಣವಲ್ಲ ನಿಜ. ಬೊಜ್ಜು, ಮೈ ಬಗ್ಗಿಸದ ಬದುಕು, ವಂಶವಾಹಿ ಎಲ್ಲವೂ ಸೇರಿವೆ. ಆದರೆ ತಕ್ಷಣ ತಗ್ಗಿಸಬಹುದಾದದ್ದು ಸಕ್ಕರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 25 ಗ್ರಾಂ, ಅಂದರೆ ಸುಮಾರು ಆರು ಟೀ ಚಮಚ ಮೀರಬಾರದು ಎನ್ನುತ್ತದೆ. ಕೋಲಾದಂಥ ತಂಪು ಪಾನೀಯದ 250 ಮಿ.ಲೀ. ಬಾಟಲಿಯೊಂದೇ ಈ ಮಿತಿಯನ್ನು ಮುಟ್ಟಿಸಿಬಿಡುತ್ತದೆ.

ಪಾನೀಯ ಸಿಹಿಯೆಂದು ನಾಲಿಗೆಗಾದರೂ ಗೊತ್ತಾಗುತ್ತದೆ. ಕೆಚಪ್ಪಿನ ಹುಳಿ, ಬ್ರೆಡ್ಡಿನ ಸಪ್ಪೆ ರುಚಿಯ ಹಿಂದಿರುವ ಸಕ್ಕರೆ ನಾಲಿಗೆಗೂ ಸಿಗದು. ಪೊಟ್ಟಣದ ಹಿಂಭಾಗದಲ್ಲಿ ಸಾಮಗ್ರಿಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಮುದ್ರಿಸಬೇಕೆಂಬ ನಿಯಮವಿದೆ. ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್, ಕಾರ್ನ್ ಸಿರಪ್, ಹಣ್ಣಿನ ರಸದ ಕಾನ್ಸಂಟ್ರೇಟ್ ಎಂದು ಸಿಹಿಯನ್ನು ನಾಲ್ಕಾರು ಹೆಸರಿಗೆ ಹಂಚಿದರೆ ಒಂದೊಂದೂ ಪಟ್ಟಿಯ ಕೆಳಗೆ ಸರಿಯುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ ಸಕ್ಕರೆಯ ಲೆಕ್ಕಕ್ಕೇ ಬರುವುದಿಲ್ಲ, ರಕ್ತದ ಗ್ಲೂಕೋಸನ್ನು ಮಾತ್ರ ಸರಸರನೆ ಏರಿಸುತ್ತದೆ. ಬೆಲ್ಲ, ಜೇನು ಹಾಕಿದ್ದೇವೆ ಎಂಬ ಹೆಗ್ಗಳಿಕೆಯಿಂದಲೂ ಲೆಕ್ಕ ಬದಲಾಗದು.

ಹಾಗಾದರೆ ನೋಡುವುದೇನನ್ನು? ಮುಂಭಾಗದಲ್ಲಿ ರಾಗಿಯ ತೆನೆ ಎಷ್ಟೇ ದೊಡ್ಡದಾಗಿರಲಿ, ಹಿಂಭಾಗದ ಪಟ್ಟಿಯಲ್ಲಿ ರಾಗಿಗೆ ಮುಂಚೆ ಮೈದಾ, ಸಕ್ಕರೆ ಬಂದಿದ್ದರೆ ಅದು ಸಿಹಿ ಬಿಸ್ಕತ್ತೇ. ನಂತರ ಪೋಷಕಾಂಶಗಳ ಕೋಷ್ಟಕದಲ್ಲಿ ‘ಆಡೆಡ್ ಶುಗರ್ಸ್’ (ಸೇರಿಸಿದ ಸಕ್ಕರೆ) ಸಾಲು ಹುಡುಕಬೇಕು. ಅಂಕಿ ಇರುವುದು 100 ಗ್ರಾಂಗೆ. ಅಲ್ಲಿ 24 ಎಂದಿದ್ದು ಮಗು 50 ಗ್ರಾಂ ಪೊಟ್ಟಣ ಮುಗಿಸಿದರೆ ಹೊಟ್ಟೆಗೆ ಹೋದದ್ದು 12 ಗ್ರಾಂ, ಅಂದರೆ ಮೂರು ಚಮಚ.

ಆದರೆ ಈ ಲೆಕ್ಕದ ಹೊರೆಯನ್ನೆಲ್ಲ ತಾಯಂದಿರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆಹಾರ ಪೊಟ್ಟಣದ ವಿವರ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿದ್ದರೆ ಕೇಂದ್ರದ ಆಹಾರ ನಿಯಮಕ್ಕೆ ಸಾಕು, ಅದರಲ್ಲಿ ಕನ್ನಡ ಕಡ್ಡಾಯವಲ್ಲ. ಕನ್ನಡ ಮಾತ್ರ ಓದಬಲ್ಲವರಿಗೆ ಆ ಇರುವೆ ಸಾಲಿನ ಅಕ್ಷರಗಳು ಇದ್ದೂ ಇಲ್ಲದಂತೆ. ಚಿಲಿ ದೇಶ 2016ರಿಂದಲೇ ಸಕ್ಕರೆ ಮಿತಿಮೀರಿದ ತಿನಿಸಿನ ಮುಂಭಾಗದಲ್ಲಿ ಎಂಟು ಮೂಲೆಯ ಕಪ್ಪು ಮುದ್ರೆ ಒತ್ತಿಸುತ್ತಿದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2022ರ ಕರಡು ಒಲಿದದ್ದು ಗುಣಮಟ್ಟ ಸೂಚಿಸುವ ನಕ್ಷತ್ರಗಳಿಗೆ; ಅತಿ ಕಳಪೆ ತಿನಿಸಿಗೂ ಅದರಲ್ಲಿ ಅರ್ಧ ನಕ್ಷತ್ರ ಉಂಟು. ಅಪಾಯವಿದೆ ಎಂದು ಹೇಳಬೇಕಾದ ಜಾಗದಲ್ಲಿ ಬಹುಮಾನದ ಗುರುತು ಏಕೆ?

ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ತಿನಿಸುಗಳ ಸಕ್ಕರೆ ಪ್ರಮಾಣ ತಿಳಿಸುವ ‘ಶುಗರ್ ಬೋರ್ಡ್’ ಹಾಕಬೇಕೆಂದು 2025ರ ಮೇ ತಿಂಗಳಲ್ಲಿ ಸೂಚಿಸಿತು. ರಾಜ್ಯದ ಸರ್ಕಾರಿ ಶಾಲೆ, ಅಂಗನವಾಡಿಗಳ ಗೋಡೆಗಳ ಮೇಲೂ ಅಂಥ ಫಲಕ ಕನ್ನಡದಲ್ಲಿ ಬರಬೇಕು. ಇದಕ್ಕೆ ರಾಜ್ಯ ಸರ್ಕಾರ ದೆಹಲಿಯ ದಾರಿ ಕಾಯಬೇಕಾಗಿಲ್ಲ. ಪೊಟ್ಟಣದ ಮುಂಭಾಗದಲ್ಲಿ, ಆಯಾ ರಾಜ್ಯದ ಭಾಷೆಯಲ್ಲಿ, ‘ಸಕ್ಕರೆ ಹೆಚ್ಚಿದೆ’ ಎಂಬ ನೇರ ಎಚ್ಚರಿಕೆ ಕಡ್ಡಾಯವಾಗಲಿ ಎಂದು ಕೇಂದ್ರವನ್ನು ಒತ್ತಾಯಿಸುವ ಕೆಲಸವನ್ನೂ ಅದು ಮಾಡಲಿ. ಅಂಚಿನಲ್ಲಿರುವ 13.6 ಕೋಟಿ ಜನರಲ್ಲಿ ಹಲವರನ್ನು ಈಗಲೂ ಹಿಂದಕ್ಕೆ ಕರೆತರಬಹುದು. ತಡಮಾಡಿದರೆ ಅವರು ಮೊದಲ ಸಂಖ್ಯೆಗೆ ಸೇರುತ್ತಾರೆ.