ಕಡವೆ ಕಿವಿ ನಿಮಿರಿಸಿದಾಗ

ಮಳೆಗಾಲ ಹಿಂದೆಗೆದ ಮೇಲೆ ನಮ್ಮ ಬಳಗದ ಹನ್ನೊಂದು ಮಂದಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ಕುದುರೆಮುಖದ ಹುಲ್ಲುಗಾವಲಿನಿಂದ ಶೋಲಾ ಕಾಡಿನೊಳಕ್ಕೆ ಇಳಿದೆವು. ಬೆಳಗಿನ ಐದೂವರೆ ಗಂಟೆ. ಮುಂದೆ ನಡೆಯುವವರ ಬೆನ್ನಷ್ಟೇ ಕಾಣುವಂಥ ಮಂಜು. ಕಾಲಿಗೆ ಇಂಬಳ ಹತ್ತುತ್ತಿದ್ದರೂ ಯಾರೂ ಸೊಲ್ಲೆತ್ತಲಿಲ್ಲ. ಮಾತನಾಡಬಾರದೆಂಬುದು ಹೊರಡುವ ಮುನ್ನ ನಾವೇ ಮಾಡಿಕೊಂಡ ಕಟ್ಟಳೆ.

ಮೊದಲು ಕೇಳಿಸಿದ್ದು ಹಳ್ಳದ ಬದಿಯ ಸಿಳ್ಳಾರ ಹಕ್ಕಿಯ ದನಿ. ಬೆಳಕು ಹರಿದಂತೆ ಗಿಡ್ಡ ಮರಗಳ ಮೈತುಂಬ ಹಬ್ಬಿದ ಪಾಚಿ, ಜರೀಗಿಡ, ಸೀತಾಳೆಗಳು ಒಂದೊಂದಾಗಿ ಮೂಡಿದವು. ಕೆಳಗಿನ ಎತ್ತರದ ಮರವೊಂದರ ನೆತ್ತಿಯಲ್ಲಿ ಕೆಂದಳಿಲು ಕೊಂಬೆಯಿಂದ ಕೊಂಬೆಗೆ ಹಾರಿತು. ಕಾಡು ಮುಗಿದು ಹುಲ್ಲು ತೊಡಗುವಲ್ಲಿ ಕಡವೆಯೊಂದು ಮರಿಯೊಡನೆ ನಿಂತಿತ್ತು. ನಮ್ಮನ್ನು ನೋಡಿಯೂ ಅದು ಓಡಲಿಲ್ಲ. ಅಷ್ಟರಲ್ಲಿ ದೂರದ ರಸ್ತೆಯಿಂದ ವಾಹನಗಳ ಹಾರನ್ನು, ಅದರ ಬೆನ್ನಿಗೇ ಹಾಡಿನ ಅಬ್ಬರ ಕೇಳಿಬಂತು. ಕಡವೆ ಕಿವಿ ನಿಮಿರಿಸಿತು. ಮರುಕ್ಷಣ ಅಲ್ಲಿ ಬರಿಯ ಹುಲ್ಲು ಅಲುಗುತ್ತಿತ್ತು.

ಚಾಂಪಿಯನ್ ಮತ್ತು ಸೇಠ್ ಅವರ 1968ರ ಅರಣ್ಯ ವರ್ಗೀಕರಣವು ಇಂಥ ಎತ್ತರದ ಶೋಲಾಗಳನ್ನು ದಕ್ಷಿಣದ ಆರ್ದ್ರ ಸಮಶೀತೋಷ್ಣ ಗಿರಿಕಾಡುಗಳೆಂದು ಗುರುತಿಸಿದೆ. ಪಾಚಿ ಮಂಜನ್ನು ಹಿಡಿಯುತ್ತದೆ, ತರಗೆಲೆ ಮತ್ತು ಬೇರುಗಳು ಮಳೆಯನ್ನು ಮಣ್ಣಿಗಿಳಿಸುತ್ತವೆ, ಸುತ್ತಲಿನ ಹುಲ್ಲು ಇಳಿಜಾರಿನ ಮಣ್ಣನ್ನು ಕಾಯುತ್ತದೆ. ಹಾಗೆ ಇಂಗಿದ ನೀರೇ ಬೇಸಗೆಯಲ್ಲಿ ಒರತೆಯಾಗಿ ಹೊರಬರುತ್ತದೆ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಗಂಗಾಮೂಲ ಇರುವುದು ಈ ಸಾಲಿನಲ್ಲೇ. ದಾವಣಗೆರೆಯ ಗದ್ದೆಗೂ ಮಂಗಳೂರಿನ ನಲ್ಲಿಗೂ ಈ ಕಾಡಿನೊಡನೆ ನಂಟಿದೆ.

ಈ ನಂಟನ್ನು ಉಳಿಸಿಕೊಳ್ಳಲು ದೊಡ್ಡ ಹೋರಾಟವೇ ನಡೆಯಬೇಕಾಯಿತು. ಕೆ. ಎಂ. ಚಿಣ್ಣಪ್ಪನವರು ಭಾಗಿಯಾಗಿದ್ದ ಮೊಕದ್ದಮೆಯಲ್ಲಿ 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. 2005ರ ಕೊನೆಗೆ ಕಬ್ಬಿಣದ ಗಣಿ ನಿಂತಿತು. ಗಣಿಗೆ ಒಂದು ಹೆಸರಿತ್ತು, ಗುತ್ತಿಗೆಯಿತ್ತು, ಎದುರಿಸಲು ನ್ಯಾಯಾಲಯವಿತ್ತು. ಇಂದಿನ ಒತ್ತಡಕ್ಕೆ ಅಂಥ ಒಂದೇ ಮುಖವಿಲ್ಲ. ಅದು ವಾರಾಂತ್ಯದಲ್ಲಿ ಬರುತ್ತದೆ, ಕಾಡನ್ನು ಪ್ರೀತಿಸುತ್ತೇನೆಂದು ಹೇಳುತ್ತದೆ. 2024ರ ಜನವರಿಯಲ್ಲಿ ಕುಮಾರಪರ್ವತದ ಬುಡದಲ್ಲಿ ಚಾರಣಿಗರು ಕಿಕ್ಕಿರಿದು ಸೇರಿದ ಬಳಿಕವೇ, ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳಿಗೆ ಸರ್ಕಾರ ತಾತ್ಕಾಲಿಕ ತಡೆ ಹಾಕಿತು.

ಸರ್ಕಾರದ ಕಡೆಗೆ ಮಾತ್ರ ಬೆರಳು ತೋರಿಸಿ ನಾವು ಸುಮ್ಮನಿರಲಾಗದು. ಈ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಚಾರಣದ ದಾರಿಗಳನ್ನು ತಿರುವು ತಿರುವಾಗಿ ಬರೆದವರು ನಾವೇ. ಕಾಡನ್ನು ಕಂಡವರು ಕಾಡನ್ನು ಕಾಯುತ್ತಾರೆಂದು ನಂಬಿದ್ದೆವು. ಆ ನಂಬಿಕೆ ಪೂರ್ತಿ ಸುಳ್ಳಲ್ಲ. ಅಂದಿನ ನಡಿಗೆಯಲ್ಲಿದ್ದ ಮೂವರು ವಿದ್ಯಾರ್ಥಿಗಳ ಕಣ್ಣುಗಳೇ ಅದಕ್ಕೆ ಸಾಕ್ಷಿ. ಆದರೆ ನೋಡುವವರಿಗೆ ಮಿತಿಯಿಲ್ಲದಿದ್ದರೆ ನೋಡಲು ಏನೂ ಉಳಿಯದು.

ಇನ್ನೊಂದು ಸಂಗತಿ ಮನಸ್ಸನ್ನು ಚುಚ್ಚುತ್ತದೆ. ತಲೆಮಾರುಗಳಿಂದ ಇಲ್ಲಿ ಬಾಳಿದ ಹಲವು ಕುಟುಂಬಗಳು ಪುನರ್ವಸತಿ ಯೋಜನೆಯಡಿ ಮನೆ, ಗದ್ದೆ ಬಿಟ್ಟು ಹೊರನಡೆದಿವೆ. ಕಾಡು ನೆಮ್ಮದಿಯಾಗಿರಲೆಂದು ಒಕ್ಕಲೆದ್ದವರ ಜಾಗದಲ್ಲಿ ಮೋಜಿನ ವಾಹನಗಳು ಸಾಲುಗಟ್ಟಿದರೆ, ಆ ತ್ಯಾಗಕ್ಕೆ ನಾವು ಕೊಡುವ ಅರ್ಥವಾದರೂ ಏನು?

ಆದುದರಿಂದ ಬಳಗವು ಮೂರು ನಿರ್ಣಯ ಕೈಗೊಂಡಿದೆ. ವರ್ಷಕ್ಕೆ ಎರಡೇ ನಡಿಗೆ, ಪ್ರತಿ ಬಾರಿಯೂ ಹನ್ನೆರಡೇ ಮಂದಿ. ಅದರಲ್ಲಿ ಅರ್ಧದಷ್ಟು ಸ್ಥಾನ ಸುತ್ತಲಿನ ಶಾಲೆಗಳ ಮಕ್ಕಳಿಗೆ ಮೀಸಲು. ಇನ್ನು ಮುಂದೆ ಪತ್ರಿಕೆಯಲ್ಲಿ ಪ್ರಾಣಿ ಕಂಡ ಜಾಗದ ಗುರುತಾಗಲಿ ದಾರಿಯ ವಿವರವಾಗಲಿ ಇರದು. ಇದರಿಂದ ಕೆಲವು ಓದುಗರಿಗೆ ಬೇಸರವಾದೀತು. ಆದರೂ ಅವರು ನಮ್ಮೊಡನೆ ನಿಲ್ಲುವರೆಂಬ ಭರವಸೆ ನಮಗಿದೆ.

ಆ ಕಡವೆ ಮರಿಯೊಡನೆ ಮತ್ತೆ ಅದೇ ಹುಲ್ಲಿಗೆ ಮರಳಿರಬಹುದು. ಅದನ್ನು ಖಚಿತಪಡಿಸಿಕೊಳ್ಳಲು ನಾವು ಹೋಗಿಲ್ಲ.