ದೊಡ್ಡ ಟ್ಯಾಂಕಿಗೆ ಹೋದ ಮೀನು ಮೂರೇ ದಿನಕ್ಕೆ ಸತ್ತಿದ್ದು ಯಾಕೆ? ಅಂಗಡಿಯವರು ತಿಳಿದಿರಬೇಕಾದ ಉಪ್ಪುನೀರಿನ ಲೆಕ್ಕ

ಕುಮಟಾ: ಪೇಟೆಯ ಬಟ್ಟೆ ಅಂಗಡಿಯೊಂದರ ಕ್ಯಾಶ್ ಕೌಂಟರ್ ಪಕ್ಕ ಎರಡು ವರ್ಷದಿಂದ ಎರಡಡಿ ಉದ್ದದ ಸಮುದ್ರ ಮೀನಿನ ಟ್ಯಾಂಕ್ ಇತ್ತು. ಕಿತ್ತಳೆ ಬಣ್ಣದ ಜೋಡಿ ಕ್ಲೌನ್ ಮೀನು, ಒಂದು ನೀಲಿ ಟ್ಯಾಂಗ್, ಇನ್ನು ಮೂರು ಸಣ್ಣ ಮೀನು, ಕಲ್ಲಿನ ಮೇಲೆ ಅಣಬೆ ಥರದ ಮೆತ್ತನೆ ಹವಳ. ಸೀರೆ ನೋಡೋಕೆ ಬಂದವರ ಮಕ್ಕಳು ಅಲ್ಲೇ ನಿಂತಿರ್ತಿದ್ದರು. ಈ ಮಳೆಗಾಲದಲ್ಲಿ ಮಾಲೀಕರು ಐದಡಿಯ ಹೊಸ ಟ್ಯಾಂಕ್ ತರಿಸಿದರು. ಭಾನುವಾರ ರಾತ್ರಿ ಎಲ್ಲವನ್ನೂ ಅದಕ್ಕೆ ಹಾಕಿದರು. ಬುಧವಾರದ ಹೊತ್ತಿಗೆ ಆರರಲ್ಲಿ ನಾಲ್ಕು ಮೀನು ಸತ್ತಿದ್ದವು. ಮೊದಲು ಹೋಗಿದ್ದು ನೀಲಿ ಟ್ಯಾಂಗ್.

"ಜಾಗ ದೊಡ್ಡದಾದ್ರೆ ಅವಕ್ಕೂ ಆರಾಮು ಅಂದ್ಕಂಡೆ. ಎಂತಾ ತಪ್ಪಾಯ್ತು ಅಂತ್ಲೇ ಗೊತ್ತಾಗ್ಲಿಲ್ಲ ತಮ್ಮಾ" ಅಂದರು. ಹೆಸರು ಹಾಕಬೇಡ ಎಂದಿದ್ದಾರೆ. ಗಾಜು, ಸ್ಟ್ಯಾಂಡು, ಪಂಪು, ಲೈಟು ಸೇರಿ ಲಕ್ಷದ ಹತ್ತಿರ ಖರ್ಚಾಗಿದೆ. ಹೋಟೆಲ್, ಚಿನ್ನದ ಅಂಗಡಿ, ಕ್ಲಿನಿಕ್ ಅಂತ ಈಗ ಬೇರೆಯವರೂ ಇಂಥ ಟ್ಯಾಂಕ್ ಇಡೋಕೆ ಹೊರಟಿರುವುದರಿಂದ ಏನಾಯ್ತು ಅಂತ ನೋಡುವುದು ಒಳ್ಳೆಯದು.

ದೊಡ್ಡ ಟ್ಯಾಂಕ್ ಮಾಡಿದ್ದು ತಪ್ಪಲ್ಲ. ನೀಲಿ ಟ್ಯಾಂಗ್ ಮಾರುವಾಗ ಮೂರಿಂಚು ಇರುತ್ತದೆ, ಬೆಳೆದರೆ ಒಂದಡಿಯವರೆಗೂ ಆಗುತ್ತದೆ. ಎರಡಡಿ ಪೆಟ್ಟಿಗೆ ಅದಕ್ಕೆ ಜೈಲು. ನೀರು ಜಾಸ್ತಿ ಇದ್ದಷ್ಟೂ ಬಿಸಿ, ಉಪ್ಪು, ಕೊಳೆ ಎಲ್ಲ ನಿಧಾನಕ್ಕೆ ಬದಲಾಗುತ್ತವೆ, ಅದೂ ಮೀನಿಗೆ ಒಳ್ಳೆಯದೇ. ಎಡವಟ್ಟಾಗಿದ್ದು ಸಾಗಿಸಿದ ಆ ಒಂದು ರಾತ್ರಿಯಲ್ಲಿ.

ಮೀನಿನ ಹೇಸಿಗೆ, ಉಳಿದ ತಿಂಡಿ ಕೊಳೆತರೆ ಅಮೋನಿಯಾ ಆಗುತ್ತದೆ. ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಮಾಡುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಇವು ನೀರಿನಲ್ಲಿ ಇರುವುದು ಕಡಿಮೆ, ಹೆಚ್ಚಿನವು ಕಲ್ಲು ಮತ್ತು ಮರಳಿಗೆ ಅಂಟಿಕೊಂಡು ಬದುಕುತ್ತವೆ. ನಮ್ಮ ಮಾಲೀಕರು "ಹೊಸ ಟ್ಯಾಂಕಿಗೆ ಕೊಳಕು ಯಾಕೆ" ಅಂತ ಕಲ್ಲುಗಳನ್ನು ನಲ್ಲಿ ನೀರಲ್ಲಿ ತಿಕ್ಕಿ ತೊಳೆದರು. ಸಿಹಿನೀರು, ಕ್ಲೋರಿನ್ ಎರಡೂ ಸೇರಿ ಎರಡು ವರ್ಷದ ಬ್ಯಾಕ್ಟೀರಿಯಾ ಮೋರಿಗೆ ಹೋಯ್ತು. ಹಳೇ ಮರಳನ್ನು ಮಾತ್ರ ಹಾಗೇ ಸೌಟಿನಲ್ಲಿ ಬಳಿದು ಹಾಕಿದರು. ಅದರ ತಳದಲ್ಲಿ ಗಾಳಿಯಾಡದೆ ಕೂತಿದ್ದ ಕೊಳೆ ಮೇಲೆದ್ದಿತು. ಕೊಳೆತ ಮೊಟ್ಟೆ ವಾಸನೆ ಬಂದಿದ್ದು ನಿಜ ಅಂತ ಅವರೇ ಒಪ್ಪಿದರು. ಸಮುದ್ರದ ನೀರಿನ ಪಿಎಚ್ 8ರ ಮೇಲಿರುವುದರಿಂದ ಅಮೋನಿಯಾ ಸಿಹಿನೀರಿಗಿಂತ ಇಲ್ಲಿ ಹೆಚ್ಚು ವಿಷ.

ಮಾಡಬೇಕಿದ್ದದ್ದು ಇದರ ಉಲ್ಟಾ. ಕಲ್ಲನ್ನು ಟ್ಯಾಂಕಿನ ಹಳೇ ನೀರಿನ ಬಕೆಟ್‌ನಲ್ಲಿ ಮುಳುಗಿಸಿಯೇ ಸಾಗಿಸಬೇಕು, ಒಣಗಬಾರದು. ಮರಳು ಹೊಸದೇ ಹಾಕುವುದು ಮೇಲು. ಹೊಸ ನೀರನ್ನು ಕನಿಷ್ಠ ಒಂದು ದಿನ ಮೊದಲೇ ಕಲಸಿ, ಪಂಪ್ ಓಡಿಸಿ, ಉಪ್ಪು ಮತ್ತು ಬಿಸಿ ಹಳೇ ಟ್ಯಾಂಕಿನಷ್ಟೇ ಇದೆಯಾ ನೋಡಬೇಕು. ಮೀನು ಕೊನೆಗೆ. ಒಣ ಕಲ್ಲಿನಿಂದ ಹೊಸದಾಗಿ ಶುರು ಮಾಡುವುದಾದರೆ ಮೀನು ಬಿಡುವ ಮೊದಲು ನಾಲ್ಕರಿಂದ ಆರು ವಾರ ಕಾಯಬೇಕಾಗುತ್ತದೆ.

ಇನ್ನು ನೀರಿನ ವಿಷಯ. ಇಲ್ಲಿ ನಮ್ಮೂರವರೆಲ್ಲ ಬೀಳುವ ಹಳ್ಳ ಒಂದಿದೆ. "ಸಮುದ್ರ ಇಲ್ಲೇ ಇರುವಾಗ ನೀರಿಗೆ ಎಂತಾ ಬರ?" ಅಂತ ಮಾಲೀಕರು ಕ್ಯಾನ್‌ಗಳಲ್ಲಿ ದಡದ ನೀರು ತರಿಸಿದರು. ಅದೂ ಜುಲೈನಲ್ಲಿ! ಹವಳದ ಟ್ಯಾಂಕಿಗೆ ಲೀಟರಿಗೆ 35 ಗ್ರಾಂ ಉಪ್ಪು ಬೇಕು. ಮಳೆಗಾಲದಲ್ಲಿ ಅಘನಾಶಿನಿ ಅಳಿವೆಯ ಆಸುಪಾಸಿನ ನೀರನ್ನು ನಾಲಿಗೆಗಿಟ್ಟು ನೋಡಿ, ಉಪ್ಪು ಹುಡುಕಬೇಕು. ಬೆಳಚು ತೆಗೆಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಉಪ್ಪಿನ ಜೊತೆ ಕೆಸರು, ಗದ್ದೆಯಿಂದ ಹರಿದು ಬಂದ ಗೊಬ್ಬರ ಬೇರೆ.

ಹಾಗಾದ್ರೆ ಸಾಣಿಕಟ್ಟಾ ಉಪ್ಪು ಹಾಕಿದ್ರಾಯ್ತಲ್ಲ ಅಂತ ಪಕ್ಕದ ಅಂಗಡಿಯವರು ಕೇಳಿದರು. ಆಗಲ್ಲ. ಆಗರದಲ್ಲಿ ನೀರು ಒಣಗುವಾಗ ಸುಣ್ಣದ ಅಂಶ ಮೊದಲೇ ಕೆಳಗೆ ಕೂರುತ್ತದೆ, ಮೆಗ್ನೀಸಿಯಂ ಉಳಿದ ಕಹಿನೀರಿನ ಜೊತೆ ಹೋಗುತ್ತದೆ. ಕೈಗೆ ಬರುವುದು ಹೆಚ್ಚು ಕಡಿಮೆ ಊಟದ ಉಪ್ಪು. ಹವಳಕ್ಕೆ ಆ ಎರಡೂ ಬೇಕು. ಅದಕ್ಕೇ ಅಕ್ವೇರಿಯಂ ಉಪ್ಪು ಅಂತಲೇ ಬೇರೆ ಸಿಗುತ್ತದೆ, ಬೆಲೆ ಜಾಸ್ತಿ.

ಎಷ್ಟು ಬೇಕು? 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ ಅಂದರೆ ಸುಮಾರು 566 ಲೀಟರ್. ಹಳೇ ಟ್ಯಾಂಕ್ 2 ಅಡಿ ಉದ್ದ, ಅಗಲ ಎತ್ತರ ಒಂದೊಂದಡಿ, ಬರೀ 56 ಲೀಟರ್. ಉದ್ದ ಎರಡೂವರೆ ಪಟ್ಟು ಆಯ್ತು ಅಂತ ಕಾಣುತ್ತದೆ, ನೀರು ಹತ್ತು ಪಟ್ಟಾಗಿದೆ. ಒಮ್ಮೆ ತುಂಬಿಸಲು 20 ಕೆ.ಜಿ. ಉಪ್ಪು, ಆಮೇಲೆ ಪ್ರತಿ ಸಲ ಶೇ. 10 ನೀರು ಬದಲಿಸಲು 2 ಕೆ.ಜಿ. ನೀರಿನ ತೂಕವೇ 580 ಕೆ.ಜಿ., ಕಲ್ಲು ಗಾಜು ಬೇರೆ. ಮಹಡಿ ಮೇಲಿನ ಹೋಟೆಲ್‌ನವರು ಇಂಜಿನಿಯರ್‌ನ ಕೇಳದೆ ಇಡಲೇಬಾರದು. ಟ್ಯಾಂಕ್ ಮಾರುವವರು ಗಾಜಿನ ರೇಟ್ ಹೇಳುತ್ತಾರೆ, ಈ ಲೆಕ್ಕ ಹೇಳಲ್ಲ.

ಕರೆಂಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗಾಳಿಮಳೆಗೆ ಮರ ಬಿದ್ದ ರಾತ್ರಿ ಪಂಪ್ ನಿಂತರೆ ಆಮ್ಲಜನಕ ಕಡಿಮೆಯಾಗುತ್ತದೆ. ಬ್ಯಾಟರಿಯ ಸಣ್ಣ ಏರ್ ಪಂಪ್ ಒಂದು ಇಟ್ಟುಕೊಳ್ಳಿ.

ಮೀನು ಸತ್ತರೆ ದುಡ್ಡು ಹೋಗುತ್ತದೆ, ಹವಳದ ವಿಷಯದಲ್ಲಿ ಕೇಸೇ ಬೀಳಬಹುದು. ಕಲ್ಲುಹವಳ, ಕಪ್ಪು ಹವಳ, ಬೀಸಣಿಗೆ ಹವಳ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿವೆ. ಅಂದರೆ ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಶಿಕ್ಷೆ 3ರಿಂದ 7 ವರ್ಷ ಜೈಲು, ದಂಡ ಕನಿಷ್ಠ 25 ಸಾವಿರ. ಸತ್ತ ಹವಳದ ತುಂಡೂ ಇದರಲ್ಲೇ ಬರುತ್ತದೆ. ನೇತ್ರಾಣಿಗೆ ಸ್ಕೂಬಾ ಡೈವಿಂಗ್‌ಗೆ ಹೋದ ಗೆಳೆಯ ತಂದುಕೊಟ್ಟ ಅಂದರೆ ಯಾರೂ ಕೇಳಲ್ಲ. ಮೆತ್ತನೆ ಹವಳ ಕೆಲವು ಪಟ್ಟಿಯಲ್ಲಿಲ್ಲ ನಿಜ, ಆದರೆ ಇನ್‌ಸ್ಟಾಗ್ರಾಂ ಫೋಟೋ ನೋಡಿ ಯಾವುದು ಮೆತ್ತನೆಯದು ಯಾವುದು ಕಲ್ಲಿನದು ಅಂತ ನಮಗೆ ನಿಮಗೆ ಹೇಳೋಕಾಗುತ್ತಾ? ಮಾರುವವನು ಬೇರೆ ರಾಜ್ಯದಲ್ಲಿರುತ್ತಾನೆ, ಟ್ಯಾಂಕ್ ಮಾತ್ರ ನಿಮ್ಮ ಅಂಗಡಿಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ಲೈಟ್ ಹಾಕಿಕೊಂಡು ಇರುತ್ತದೆ.

ಮೀನಿನಲ್ಲಾದರೆ ಒಳ್ಳೇ ದಾರಿ ಇದೆ. ಕೇಂದ್ರದ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ಕಂಡುಕೊಂಡು ವರ್ಷಗಳೇ ಆದವು. ಹೀಗೆ ಹುಟ್ಟಿದ ಮರಿ ಗಾಜಿನೊಳಗಿನ ಬದುಕಿಗೆ ಒಗ್ಗಿರುತ್ತವೆ, ಸಮುದ್ರದಿಂದ ಹಿಡಿದು ತಂದಿದ್ದೂ ಆಗಿರಲ್ಲ. ಕೊಳ್ಳುವಾಗ ಎಲ್ಲಿ ಹುಟ್ಟಿದ್ದು ಅಂತ ಕೇಳಿ, ಬಿಲ್ ತಗೊಳ್ಳಿ.

ಬಟ್ಟೆ ಅಂಗಡಿಯಲ್ಲಿ ಈಗ ಉಳಿದ ಎರಡು ಕ್ಲೌನ್ ಮೀನು ಹಳೇ ಎರಡಡಿ ಟ್ಯಾಂಕಿಗೆ ವಾಪಸ್ ಬಂದಿವೆ, ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ನೀರು ಬದಲಿಸುತ್ತಿದ್ದಾರೆ. ದೊಡ್ಡದರಲ್ಲಿ ಬರೀ ಕಲ್ಲು, ಹೊಸ ಮರಳು, ಕಲಸಿದ ಉಪ್ಪುನೀರು ತಿರುಗುತ್ತಿದೆ. ಶನಿವಾರ ಹೋದಾಗ ಟೆಸ್ಟ್ ಕಿಟ್ ತೋರಿಸಿದರು, ಅಮೋನಿಯಾ ಇನ್ನೂ ಸೊನ್ನೆಗೆ ಇಳಿದಿಲ್ಲ. ಮೊಬೈಲಿನಲ್ಲಿ ಬುಕ್ ಮಾಡಿದ್ದ ಕಲ್ಲುಹವಳದ ಆರ್ಡರ್ ರದ್ದು ಮಾಡಿದ್ದಾರೆ. ಕೊಟ್ಟ ಅಡ್ವಾನ್ಸ್ ಮಾತ್ರ ವಾಪಸ್ ಬಂದಿಲ್ಲ, ಆ ನಂಬರ್ ಸ್ವಿಚ್ ಆಫ್ ಬರ್ತಿದೆ.